ಹಳೇ ವರ್ಷದ ತೆರಿಗೆ ನೋಟಿಸ್ ಬಂದರೆ: ಮೊತ್ತ ಬಿಡಿ, ತಾರೀಖು ನೋಡಿ

ಲಕೋಟೆಯನ್ನು ಬಿಸಾಡಬೇಡಿ. ಮೊದಲ ಮಾತು ಇದು.

ನಾನು ಜಮಖಂಡಿ ಕಡೆ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುವವನು. ಕಿರಾಣಿ, ಬಟ್ಟೆ, ಬೆಲ್ಲದ ಅಡತಿ, ಒಂದೆರಡು ಖಾನಾವಳಿ. ನೋಟಿಸ್ ತರುವವರೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಬರುತ್ತಾರೆ. ಕಾಗದ ನಾಲ್ಕು ಮಡಿಕೆಯಾಗಿ ಅಂಗಿ ಜೇಬಿನಲ್ಲಿರುತ್ತದೆ, ಬೆವರಿಗೆ ಮೆತ್ತಗಾಗಿರುತ್ತದೆ. ಕೂತ ಕೂಡಲೇ ಬೆರಳು ಕೊನೇ ಸಾಲಿಗೆ ಹೋಗುತ್ತದೆ. "ಎಷ್ಟು ರೊಕ್ಕ ಹಾಕ್ಯಾರ ನೋಡ್ರಿ." ನಾನು ಕೇಳುವುದು ಬೇರೆ. "ಲಕೋಟೆ ಎಲ್ಲಿ? ಯಾವತ್ತು ಬಂತು?" ಹತ್ತರಲ್ಲಿ ಎಂಟು ಜನರ ಲಕೋಟೆ ಅಷ್ಟೊತ್ತಿಗೆ ಒಲೆ ಸೇರಿರುತ್ತದೆ.

ಉತ್ತರ ಕೊಡಲು, ಮೇಲ್ಮನವಿ ಹಾಕಲು ನಿಮಗಿರುವ ದಿನಗಳನ್ನು ಎಣಿಸುವುದು ನೋಟಿಸ್ ನಿಮಗೆ ತಲುಪಿದ ದಿನದಿಂದ. ಅದಕ್ಕೆ ಸಾಕ್ಷಿ ಆ ಲಕೋಟೆ ಮೇಲಿನ ಅಂಚೆ ಮುದ್ರೆ. ಇಮೇಲ್‌ನಲ್ಲೋ ಪೋರ್ಟಲ್‌ನಲ್ಲೋ ಬಂದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್. ನೋಟಿಸಿನ ಮೂಲೆಯಲ್ಲಿ ಪೆನ್ನಿನಿಂದ "ಬಂದ ದಿನ" ಅಂತ ತಾರೀಖು ಹಾಕಿ. ಆಮೇಲೆ ಒಂದು ಲೋಟ ಚಹಾ ಕುಡಿಯಿರಿ. ಅವತ್ತೇ ಏನೂ ಮಾಡಬೇಕಾಗಿಲ್ಲ.

ನಾಲ್ಕು ವರ್ಷದ ಹಿಂದಿನ ವ್ಯಾಪಾರಕ್ಕೆ ಇವತ್ತು ತೆರಿಗೆ ಕೇಳಿದರೆ ಸಿಟ್ಟು ಬರುವುದು ಸಹಜ. ಆದರೆ ಇಂಥ ಕೇಸುಗಳನ್ನು ಗೆಲ್ಲಿಸುವುದು ಸಿಟ್ಟಲ್ಲ, ತಾರೀಖು. ಒಂದು ಹಾಳೆಯಲ್ಲಿ ಮೂರು ತಾರೀಖು ಬರೆದುಕೊಳ್ಳಿ. ಯಾವ ವರ್ಷದ ವ್ಯವಹಾರಕ್ಕೆ ಕೇಳಿದ್ದಾರೆ. ನೋಟಿಸ್ ಯಾವತ್ತು ಹೊರಡಿಸಿದ್ದಾರೆ. ಆ ವಸ್ತುವಿನ ಮೇಲೆ ಆ ತೆರಿಗೆ ಯಾವತ್ತಿನಿಂದ ಇದೆ. ಮುಂದಿನ ಕೆಲಸವೆಲ್ಲ ಈ ಮೂರರ ಮೇಲೆ ನಿಲ್ಲುತ್ತದೆ.

ನೋಟಿಸ್ ಅಸಲಿಯೋ ನಕಲಿಯೋ

ಇದು ಐದು ನಿಮಿಷದ ಕೆಲಸ. ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ 2019ರ ಅಕ್ಟೋಬರ್ 1ರಿಂದ ಡಿಐಎನ್ ಎಂಬ ದಾಖಲೆ ಸಂಖ್ಯೆ ಇರಬೇಕು. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೂ ಅದನ್ನು ಪರೀಕ್ಷಿಸಬಹುದು. ಜಿಎಸ್‌ಟಿ ನೋಟಿಸಿಗೆ ಆರ್‌ಎಫ್‌ಎನ್ ಎಂಬ ಸಂಖ್ಯೆ ಇರುತ್ತದೆ, ಅದನ್ನೂ ಜಿಎಸ್‌ಟಿ ಪೋರ್ಟಲ್‌ನಲ್ಲೇ ನೋಡಬಹುದು. ವಾಟ್ಸ್ಯಾಪಿನಲ್ಲಿ ಪಿಡಿಎಫ್ ಕಳಿಸಿ "ಈಗಲೇ ಕಟ್ಟಿ, ಇಲ್ಲಾಂದ್ರೆ ಅಕೌಂಟ್ ಫ್ರೀಜ್" ಅನ್ನುವವರಿಗೆ ಒಂದು ರೂಪಾಯಿ ಕೂಡ ಕಳಿಸಬೇಡಿ.

'ಹಳೇದು' ಅಂದರೆ ಯಾವ ಹಳೇದು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಜನ ಎಲ್ಲವನ್ನೂ ಒಂದೇ ಮಾಡಿ "ಹಿಂದಿನ ತೆರಿಗೆ" ಅನ್ನುತ್ತಾರೆ. ಅದರಲ್ಲಿ ಮೂರು ಜಾತಿ ಇವೆ, ಒಂದೊಂದಕ್ಕೆ ಒಂದೊಂದು ಮದ್ದು.

ಮೊದಲನೆಯದು: ಕಾನೂನು ಆಗಲೂ ಇತ್ತು, ನೀವು ಕಟ್ಟಿರಲಿಲ್ಲ, ಅಥವಾ ಕಟ್ಟಿಲ್ಲ ಅಂತ ಅವರು ಈಗ ಹೇಳುತ್ತಿದ್ದಾರೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ಬಂದ ಜಿಎಸ್‌ಟಿ ನೋಟಿಸುಗಳು ಈ ಜಾತಿಯವು. 2021-22ರಿಂದ ನಾಲ್ಕು ವರ್ಷದ ಲೆಕ್ಕ ಒಟ್ಟಿಗೆ ಕೇಳಿದ್ದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ಕಟ್ಟಿ ಅಂತ ಬಂದದ್ದು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಅಲ್ವಾ?

ಎರಡನೆಯದು: ತೆರಿಗೆಯೇ ಆಮೇಲೆ ಬಂದದ್ದು, ಅಧಿಕಾರಿ ಅದನ್ನು ಹಳೇ ವರ್ಷಕ್ಕೂ ಹಚ್ಚಿದ್ದಾರೆ. ಮಹಾಲಿಂಗಪುರದ ಬೆಲ್ಲವನ್ನೇ ತೆಗೆದುಕೊಳ್ಳಿ. 2022ರ ಜುಲೈ 18ಕ್ಕೆ ಮುಂಚೆ ಬೆಲ್ಲಕ್ಕೆ ಜಿಎಸ್‌ಟಿ ಇರಲಿಲ್ಲ. ಅವತ್ತಿನಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ 5 ಬಂತು. ಅಂಗಡಿಯಲ್ಲಿ ಒಡೆದು ತೂಗಿ ಕೊಡುವ ಪೆಂಟೆ ಬೆಲ್ಲಕ್ಕೆ ಇವತ್ತಿಗೂ ಇಲ್ಲ. ಹಾಗಾಗಿ 2021-22ರ ಬೆಲ್ಲದ ಮಾರಾಟಕ್ಕೆ ಶೇ 5 ಕೇಳಿದ್ದರೆ ಒಂದೇ ಸಾಲಿನ ಉತ್ತರ ಸಾಕು: ಆ ದಿನ ಆ ತೆರಿಗೆ ಇರಲಿಲ್ಲ. 2022-23ಕ್ಕೆ ಕೇಳಿದ್ದರೆ ವರ್ಷವನ್ನು ಎರಡು ತುಂಡು ಮಾಡಬೇಕು, ಜುಲೈ 17ರವರೆಗೆ ಒಂದು, ಆಮೇಲಿಂದು ಇನ್ನೊಂದು.

ತಾರೀಖು ಯಾವಾಗಲೂ ನಮ್ಮ ಪರವೇ ಮಾತಾಡುತ್ತದೆ ಅಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ತಲೆ ಎಣ್ಣೆಗೆ ಶೇ 18 ಹೋಗಿ ಶೇ 5 ಆಯಿತು. ಆದರೆ 2023ರಲ್ಲಿ ಮಾರಿದ ಸಾಬೂನಿಗೆ ಹಳೇ ದರವೇ. "ಈಗ ಕಡಿಮೆ ಆಗೇತಲ್ರಿ" ಅಂದರೆ ನಡೆಯುವುದಿಲ್ಲ.

ಮೂರನೆಯದು ನಿಜವಾದ ಪೂರ್ವಾನ್ವಯ ತೆರಿಗೆ. ಸರ್ಕಾರ ಇವತ್ತು ಕಾನೂನು ಮಾಡಿ "ಇದು ಹಿಂದಿನ ಇಂಥ ದಿನದಿಂದ ಜಾರಿ" ಅನ್ನುವುದು. ವೊಡಾಫೋನ್ ಕಥೆ ನೆನಪಿರಬೇಕು. 2012ರ ಜನವರಿಯಲ್ಲಿ ಕಂಪನಿ ತೆರಿಗೆ ಬೇಡಿಕೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಅದೇ ವರ್ಷದ ಬಜೆಟ್‌ನಲ್ಲಿ ಸರ್ಕಾರ ಕಾಯ್ದೆಯನ್ನೇ ತಿದ್ದಿ 1962ರಿಂದ ಅನ್ವಯ ಅಂದಿತು. 2020ರಲ್ಲಿ ಅಂತಾರಾಷ್ಟ್ರೀಯ ಪಂಚಾಯಿತಿಯಲ್ಲಿ ಸರ್ಕಾರ ಸೋತಿತು. 2021ರ ಆಗಸ್ಟ್‌ನಲ್ಲಿ ಸಂಸತ್ತು ಆ ಬೇಡಿಕೆಗಳನ್ನು ಕೈಬಿಡುವ ಕಾನೂನು ಮಾಡಿತು. ಒಂಬತ್ತು ವರ್ಷ. ಅಷ್ಟು ದೊಡ್ಡ ಕಂಪನಿಯೇ ಅಷ್ಟು ಅಲೆಯಿತು ಅಂದಮೇಲೆ, ಈ ಜಾತಿಯ ನೋಟಿಸಿಗೆ ನಾವು ಒಬ್ಬೊಬ್ಬರೇ ಕಚೇರಿಯಲ್ಲಿ ನಿಂತು ವಾದ ಮಾಡುವುದರಲ್ಲಿ ಅರ್ಥ ಕಡಿಮೆ. ತೆರಿಗೆ ಕಾನೂನನ್ನು ಹಿಂದಕ್ಕೆ ಒಯ್ಯುವ ಅಧಿಕಾರ ಶಾಸನ ಸಭೆಗಿದೆ. ಆದರೆ ಆ ಮಾತು ಕಾನೂನಿನಲ್ಲಿ ಸ್ಪಷ್ಟವಾಗಿ ಇರಬೇಕು. ಇಲ್ಲದಿದ್ದರೆ ಹೊಸ ಹೊರೆ ಮುಂದಕ್ಕೇ ಅನ್ವಯ ಅಂತ 2014ರ ವಾಟಿಕಾ ಟೌನ್‌ಶಿಪ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಸುತ್ತೋಲೆಯಲ್ಲೋ ಅಧಿಕಾರಿಯ ಬಾಯಲ್ಲೋ "ಹಿಂದಿನಿಂದ ಅನ್ವಯ" ಅಂದರೆ ಸಾಲದು. "ಯಾವ ಕಾಯ್ದೆ, ಯಾವ ಕಲಂ, ಯಾವ ದಿನದಿಂದ" ಅಂತ ಬರಹದಲ್ಲಿ ಕೇಳಿ.

ಹಿಂದಕ್ಕೆ ಹೋಗುವ ಕಾನೂನು ಕೆಲವೊಮ್ಮೆ ನಮಗೂ ದಕ್ಕುತ್ತದೆ. ನಮ್ಮ ಕಬ್ಬಿನ ಸೀಮೆಯವರಿಗೆ ಇದು ಗೊತ್ತಿರಲೇಬೇಕು. ಸಹಕಾರಿ ಸಕ್ಕರೆ ಕಾರ್ಖಾನೆಗಳು ನಿಗದಿಗಿಂತ ಜಾಸ್ತಿ ದರ ಕೊಟ್ಟು ರೈತರ ಕಬ್ಬು ತೆಗೆದುಕೊಂಡರೆ, ಆ ಜಾಸ್ತಿ ಹಣ ಖರ್ಚಲ್ಲ, ಸದಸ್ಯರಿಗೆ ಹಂಚಿದ ಲಾಭ ಅಂತ ಆದಾಯ ತೆರಿಗೆ ಇಲಾಖೆ ವರ್ಷಗಟ್ಟಲೆ ಬೇಡಿಕೆ ಕಳಿಸುತ್ತಿತ್ತು. 2016-17ರ ತೆರಿಗೆ ನಿರ್ಧಾರ ವರ್ಷದಿಂದ (ಆದಾಯ ಬಂದ ವರ್ಷದ ಮಾರನೇ ವರ್ಷ) ಮುಂದಕ್ಕೆ ಇದು ಬಗೆಹರಿಯಿತು. ಅದರ ಹಿಂದಿನ ಬಾಕಿ ಹಾಗೇ ನೇತಾಡುತ್ತಿತ್ತು. ಕೊನೆಗೆ 2023ರ ಬಜೆಟ್ ಆ ಹಿಂದಿನ ವರ್ಷಗಳಿಗೂ ಅದನ್ನು ಖರ್ಚು ಅಂತ ಒಪ್ಪಿತು. ಸುಮಾರು 10,000 ಕೋಟಿ ರೂಪಾಯಿ ಪರಿಹಾರ ಅಂತ ಹಣಕಾಸು ಸಚಿವರೇ ಹೇಳಿದರು. ಆದರೆ ಅದು ತಾನಾಗಿ ಸಿಗುವುದಿಲ್ಲ. ಕಾರ್ಖಾನೆ ಅರ್ಜಿ ಹಾಕಿ ಹಳೇ ಲೆಕ್ಕ ತಿದ್ದಿಸಿಕೊಳ್ಳಬೇಕು, ಸರ್ಕಾರ ಒಪ್ಪಿದ ದರದ ಮಟ್ಟಿಗೆ ಮಾತ್ರ. ಇದಕ್ಕೆ ನಾಲ್ಕು ವರ್ಷದ ಅವಧಿ ಎಣಿಸುವುದು 2023ರ ಮಾರ್ಚ್ 31ರಿಂದ, ಅಂದರೆ 2027ರ ಮಾರ್ಚ್ 31ರವರೆಗೆ. ನೀವು ಯಾವುದಾದರೂ ಸಹಕಾರಿ ಕಾರ್ಖಾನೆಯ ಷೇರುದಾರರಾಗಿದ್ದರೆ ವಾರ್ಷಿಕ ಸಭೆಯಲ್ಲಿ ಎದ್ದು ಕೇಳಿ: "ಅರ್ಜಿ ಹಾಕೀರೋ ಇಲ್ಲೋ?"

ಕಾಲ ಮೀರಿದೆಯಾ, ಎಣಿಸಿ

ಜಿಎಸ್‌ಟಿಯಲ್ಲಿ ವಂಚನೆ ಆರೋಪ ಇಲ್ಲದ ಕೇಸಿಗೆ ಕಲಂ 73. ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೇ ದಿನದಿಂದ ಮೂರು ವರ್ಷದೊಳಗೆ ಆದೇಶ ಆಗಬೇಕು. ಕಾರಣ ಕೇಳಿ ಕೊಡುವ ನೋಟಿಸ್ ಅದಕ್ಕೂ ಮೂರು ತಿಂಗಳು ಮುಂಚೆ ಬರಬೇಕು. ಬೆರಳಲ್ಲಿ ಎಣಿಸೋಣ. 2020-21ಕ್ಕೆ ಆದೇಶದ ಗಡುವು 2025ರ ಫೆಬ್ರವರಿ 28. 2021-22ಕ್ಕೆ 2025ರ ಡಿಸೆಂಬರ್ 31. 2022-23ಕ್ಕೆ 2026ರ ಡಿಸೆಂಬರ್ 31. 2023-24ಕ್ಕೆ 2027ರ ಡಿಸೆಂಬರ್ 31. 2024-25ರಿಂದ ಹೊಸ ಕಲಂ 74ಎ: ವಾರ್ಷಿಕ ರಿಟರ್ನ್ ಗಡುವಿನಿಂದ 42 ತಿಂಗಳೊಳಗೆ ನೋಟಿಸ್, ಆಮೇಲೆ 12 ತಿಂಗಳೊಳಗೆ ಆದೇಶ.

ಈ ಗಡುವು ದಾಟಿದ ಮೇಲೆ ಬಂದರೆ ಅದೇ ನಿಮ್ಮ ಮೊದಲ ವಾದ. ಮಿಕ್ಕಿದ್ದೆಲ್ಲ ಆಮೇಲೆ.

ಗಡುವು ದಾಟಿತು ಅಂತ ಗೊತ್ತಾದಾಗ ಕೆಲವೊಮ್ಮೆ ಅದೇ ವಿಷಯ ಕಲಂ 74ರ ಅಡಿ ಬರುತ್ತದೆ. ಅದು ವಂಚನೆಯ ಕಲಂ, ಅಲ್ಲಿ ಐದು ವರ್ಷ ಸಮಯವಿದೆ, ದಂಡವೂ ಜಾಸ್ತಿ. ಸುಮ್ನೆ ತೆರಿಗೆ ಕಟ್ಟಿಲ್ಲ ಅನ್ನುವುದೊಂದೇ ವಂಚನೆ ಆಗುವುದಿಲ್ಲ, ಮೋಸ ಮಾಡಿದ್ದಕ್ಕೆ ಆಧಾರ ನೋಟಿಸಿನಲ್ಲೇ ಇರಬೇಕು ಅಂತ ಕೇಂದ್ರ ತೆರಿಗೆ ಮಂಡಳಿಯೇ 2023ರ ಡಿಸೆಂಬರ್ 13ರಂದು ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ಬ್ಯಾಂಕ್ ಖಾತೆಗೆ ರಾಜಾರೋಷವಾಗಿ ಯುಪಿಐನಲ್ಲಿ ಹಣ ತೆಗೆದುಕೊಂಡವನು ಏನನ್ನು ಮುಚ್ಚಿಟ್ಟ ಹಾಗಾಯಿತು? ಉತ್ತರದಲ್ಲಿ ಇದನ್ನು ಕೇಳಿ, ಮರ್ಯಾದೆಯಿಂದಲೇ.

ಆದಾಯ ತೆರಿಗೆಯಲ್ಲಿ ಹಳೇ ವರ್ಷದ ಲೆಕ್ಕ ಮತ್ತೆ ತೆರೆಯಲು ಮೊದಲು 148ಎ ಅಡಿ ನಿಮ್ಮ ಮಾತು ಕೇಳಬೇಕು, ಆಮೇಲೆ 148 ನೋಟಿಸ್. 2024ರ ಸೆಪ್ಟೆಂಬರ್ 1ರಿಂದ ಇರುವ ಮಿತಿ: ತೆರಿಗೆ ನಿರ್ಧಾರ ವರ್ಷ ಮುಗಿದ ಮೇಲೆ ಮೂರು ವರ್ಷ ಮೂರು ತಿಂಗಳು. ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಅಂತಿದ್ದರೆ ಐದು ವರ್ಷ ಮೂರು ತಿಂಗಳು. 2020-21ರ ಆದಾಯಕ್ಕೆ ಸಾಮಾನ್ಯ ಗಡುವು 2025ರ ಜೂನ್ 30ಕ್ಕೆ ಮುಗಿಯಿತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇದ್ದರೂ ಹಳೇ ವರ್ಷಗಳಿಗೆ 1961ರ ಕಾಯ್ದೆಯೇ ನಡೆಯುತ್ತದೆ.

ಕಬ್ಬಿನ ಬಿಲ್ ಬಂದ ವಾರ ಖಾತೆಗೆ ಎಂಟು ಹತ್ತು ಲಕ್ಷ ಬೀಳುತ್ತದೆ. ರಿಟರ್ನ್ ಹಾಕದ ರೈತನಿಗೆ ಮೂರು ವರ್ಷ ಬಿಟ್ಟು 148ಎ ಬರುತ್ತದೆ. ಇವರಿಗೆ ಬೇಕಾದದ್ದು ನಾಲ್ಕೇ ಕಾಗದ: ಆ ವರ್ಷದ ಪಹಣಿ, ಕಾರ್ಖಾನೆಯ ಕಬ್ಬಿನ ಬಿಲ್, ಅಡತಿ ಪಟ್ಟಿ, ಪಾಸ್‌ಬುಕ್. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ನೋಟಿಸಿಗೆ ಉತ್ತರ ಕೊಡದೆ ಕೂತರೆ ಅದು ಕೃಷಿ ಆದಾಯ ಅಂತ ಅವರಿಗೆ ಕನಸು ಬೀಳುವುದಿಲ್ಲ.

ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೂ ಒಂದು ಮಾತು. ತಾನೇ ಬೆಳೆದ ದ್ರಾಕ್ಷಿಯನ್ನು ಒಣಗಿಸಿ ಮಾರಿದ ರೈತ ಜಿಎಸ್‌ಟಿ ಕಟ್ಟಬೇಕಾಗಿಲ್ಲ ಅಂತ 2024ರ ಡಿಸೆಂಬರ್ 21ರ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟ ಮಾಡಿದೆ. ಕೊಂಡು ಮಾರುವ ವ್ಯಾಪಾರಿಗೆ ಇದು ಅನ್ವಯಿಸುವುದಿಲ್ಲ. ಪಹಣಿ ಯಾರ ಹೆಸರಲ್ಲಿದೆ, ಬಿಲ್ ಯಾರ ಹೆಸರಲ್ಲಿದೆ, ಎರಡೂ ಕೂಡಿ ಬರಬೇಕು.

ಬ್ಯಾಂಕಿನ ಮೊತ್ತವನ್ನು ಬಿಡಿಸಿ

ಯುಪಿಐ ನೋಟಿಸಿನ ಗುಟ್ಟು ಇಲ್ಲಿದೆ. ಖಾತೆಗೆ ಬಂದದ್ದೆಲ್ಲ ಮಾರಾಟ ಅಂತ ಅವರು ಹಿಡಿದಿರುತ್ತಾರೆ. ನೀವು ಬಿಡಿಸಿ ತೋರಿಸಬೇಕು. ಒಂದು ಲೆಕ್ಕ ಮಾಡೋಣ, ಬನಹಟ್ಟಿಯ ಒಂದು ಕಿರಾಣಿ ಅಂಗಡಿ ಅಂತ ಇಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ.

ವರ್ಷದಲ್ಲಿ ಯುಪಿಐನಿಂದ ಬಂದದ್ದು 52,40,000. ಅದರಲ್ಲಿ ತನ್ನದೇ ಉಳಿತಾಯ ಖಾತೆಯಿಂದ ಹಾಕಿಕೊಂಡದ್ದು 4,80,000. ಟ್ರ್ಯಾಕ್ಟರ್ ಕಂತು ಕಟ್ಟಲು ತಮ್ಮ ಕಳಿಸಿದ್ದು 3,10,000. ಭಿಶಿ (ಚೀಟಿ) ಎತ್ತಿದ್ದು 2,00,000. ಬಂಗಾರ ಒತ್ತೆ ಇಟ್ಟು ತಂದದ್ದು 1,50,000. ಸಗಟು ಅಂಗಡಿ ಮಾಲು ವಾಪಸ್ ತೆಗೆದುಕೊಂಡು ಕೊಟ್ಟದ್ದು 60,000. ಇವಿಷ್ಟೇ 12 ಲಕ್ಷ. ಉಳಿದ ಮಾರಾಟ 40,40,000. ಇದಕ್ಕೆ ನಗದು ಮಾರಾಟ 6,00,000 ಸೇರಿಸಿ. ಹೌದು, ಸೇರಿಸಲೇಬೇಕು. ನಗದನ್ನು ಮುಚ್ಚಿಟ್ಟು ಉಳಿದದ್ದರಲ್ಲಿ ನಂಬಿ ಅಂದರೆ ಯಾರೂ ನಂಬುವುದಿಲ್ಲ. ಒಟ್ಟು 46,40,000.

ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ಈ ಅಂಗಡಿ ಮಿತಿ ದಾಟಿದೆ. ಹಾಗಂತ 46 ಲಕ್ಷಕ್ಕೂ ತೆರಿಗೆಯಾ? ಅಲ್ಲ. ಬಿಡಿ ಅಕ್ಕಿ, ಜೋಳ, ಬೇಳೆ, ಪೆಂಟೆ ಬೆಲ್ಲ, ಹಾಲು, ತರಕಾರಿ ಸೇರಿ 27 ಲಕ್ಷ ತೆರಿಗೆ ಇಲ್ಲದ ಮಾಲು. ಮಿತಿ ಎಣಿಸುವಾಗ ಇದು ಸೇರುತ್ತದೆ, ತೆರಿಗೆ ಹಾಕುವಾಗ ಸೇರುವುದಿಲ್ಲ. ಇದನ್ನು ಅಧಿಕಾರಿಗಳೂ ಮರೆಯುತ್ತಾರೆ, ವ್ಯಾಪಾರಿಗಳೂ ಮರೆಯುತ್ತಾರೆ. ಉಳಿದದ್ದು 19,40,000. ಇನ್ನೂ ಒಂದಿದೆ. ಮೊದಲ ಸಲ ಮಿತಿ ದಾಟಿದ ವರ್ಷ, ಹೊಣೆ ಶುರುವಾಗುವುದು 40 ಲಕ್ಷ ದಾಟಿದ ದಿನದಿಂದ, ಏಪ್ರಿಲ್ 1ರಿಂದ ಅಲ್ಲ. ದಾಟಿದ ಮೇಲಿನ ಮಾರಾಟ 6,40,000. ಅದರಲ್ಲಿ ತೆರಿಗೆ ಇರುವ ಮಾಲಿನ ಪಾಲು ಸುಮಾರು 2,68,000. ಎಲ್ಲಕ್ಕೂ ಶೇ 18 ಅಂತ ಹಿಡಿದರೂ ತೆರಿಗೆ ಐವತ್ತು ಸಾವಿರದ ಒಳಗೆ. ನೋಟಿಸಿನ ಲೆಕ್ಕದಲ್ಲಿ 52,40,000ಕ್ಕೆ ಶೇ 18 ಅಂದರೆ 9,43,200.

ಮುಂದಿನ ವರ್ಷಗಳಿಗೆ ಈ ರಿಯಾಯಿತಿ ಇಲ್ಲ. ಒಮ್ಮೆ ದಾಟಿದ ಮೇಲೆ ಹೊಣೆ ನಡೆದುಕೊಂಡೇ ಬರುತ್ತದೆ. ಬರೀ ತೆರಿಗೆ ಇಲ್ಲದ ಮಾಲನ್ನೇ ಮಾರುವವರಿಗೆ ಮಾತ್ರ ವಹಿವಾಟು ಎಷ್ಟಾದರೂ ನೋಂದಣಿ ಬೇಡ.

ಖಾನಾವಳಿಯವರು ಇಲ್ಲಿ ಎಡವುತ್ತಾರೆ. ರೊಟ್ಟಿ ಊಟ ಸರಕಲ್ಲ, ಸೇವೆ. ಅವರ ಮಿತಿ 40 ಅಲ್ಲ, 20 ಲಕ್ಷ. ದಿನಕ್ಕೆ ಐದೂವರೆ ಸಾವಿರದ ಗಲ್ಲೆ ಆದರೆ ವರ್ಷಕ್ಕೆ ದಾಟಿಯೇ ಬಿಡುತ್ತದೆ. ರಾಜಿ ತೆರಿಗೆ ಪದ್ಧತಿಗೆ (ಕಾಂಪೊಸಿಷನ್, ಅಂದರೆ ವಹಿವಾಟಿನ ಮೇಲೆ ಒಂದು ನಿಗದಿ ದರ ಕಟ್ಟುವುದು) ಹೋದರೆ ಖಾನಾವಳಿಗೆ ಶೇ 5, ವ್ಯಾಪಾರಿಗೆ ಶೇ 1, ವಹಿವಾಟು 1.5 ಕೋಟಿಯವರೆಗೆ. ಅದು ನೋಂದಣಿ ಆದ ಮೇಲಿನ ದಿನಗಳಿಗೆ ಮಾತ್ರ. ಹಳೇ ವರ್ಷಕ್ಕೆ ಅದನ್ನು ಕೇಳಿದರೆ ಸಿಗುವುದಿಲ್ಲ.

ಕ್ಯೂಆರ್ ಕೋಡ್ ಕಿತ್ತುಹಾಕಿ "ನಗದು ಮಾತ್ರ" ಬೋರ್ಡ್ ಹಾಕುವುದು ನನ್ನ ಪ್ರಕಾರ ದಡ್ಡತನ. ಹಳೇ ಲೆಕ್ಕ ಆಗಲೇ ಅವರ ಕಂಪ್ಯೂಟರಿನಲ್ಲಿದೆ. ನಗದೂ ವಹಿವಾಟೇ. ಮೇಲಾಗಿ, ನೋಟಿಸ್ ಬಂದ ಮರುದಿನ ಬೋರ್ಡ್ ಬದಲಾಯಿಸಿದರೆ ಮುಚ್ಚಿಡುತ್ತಿದ್ದೀರಿ ಅನ್ನುವ ಮಾತಿಗೆ ನೀವೇ ಸಾಕ್ಷಿ ಒದಗಿಸಿದ ಹಾಗೆ.

ಉತ್ತರ ಬರೆಯುವುದು

ಜಿಎಸ್‌ಟಿಯಲ್ಲಿ ಮೊದಲು ಡಿಆರ್‌ಸಿ-01ಎ ಎಂಬ ತಿಳಿವಳಿಕೆ ಪತ್ರ ಬರಬಹುದು, ಆಮೇಲೆ ಡಿಆರ್‌ಸಿ-01 ಎಂಬ ಕಾರಣ ಕೇಳುವ ನೋಟಿಸ್. ಅದಕ್ಕೆ ಉತ್ತರ ಡಿಆರ್‌ಸಿ-06ರಲ್ಲಿ. ರಾಜ್ಯ ವಾಣಿಜ್ಯ ತೆರಿಗೆ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಬರದು ಅಂತ ಖಾಲಿ ಬಿಡಬೇಡಿ. ನಾನು ಬರೆಯುವ ಧಾಟಿ ಇಷ್ಟೇ:

"ತಮ್ಮ ಇಂಥ ದಿನದ, ಇಂಥ ಸಂಖ್ಯೆಯ ನೋಟಿಸ್ ನನಗೆ ಇಂಥ ದಿನ ತಲುಪಿದೆ. ನೋಟಿಸಿನಲ್ಲಿ ಹೇಳಿದ ಮೊತ್ತವನ್ನು ನಾನು ಒಪ್ಪುವುದಿಲ್ಲ. ಒಂದು, ಈ ವರ್ಷಕ್ಕೆ ಕಾಲಮಿತಿ ಮುಗಿದಿದೆ. ಎರಡು, ಕಾಲಮಿತಿ ಇದೆ ಅಂತ ತಾವು ಹೇಳಿದರೂ, ಬ್ಯಾಂಕಿಗೆ ಬಂದ ಮೊತ್ತದಲ್ಲಿ ಇಷ್ಟು ಮಾರಾಟವಲ್ಲ, ವಿವರ ಲಗತ್ತು 1ರಲ್ಲಿ ಇದೆ. ಮೂರು, ಮಾರಾಟದಲ್ಲಿ ಇಷ್ಟು ತೆರಿಗೆ ಇಲ್ಲದ ಮಾಲು, ಖರೀದಿ ಚೀಟಿಗಳು ಲಗತ್ತು 2ರಲ್ಲಿವೆ. ಆದೇಶಕ್ಕೆ ಮುಂಚೆ ನನ್ನನ್ನು ಖುದ್ದಾಗಿ ಕೇಳಬೇಕೆಂದು ವಿನಂತಿ. ನೋಟಿಸಿಗೆ ಆಧಾರವಾದ ದಾಖಲೆಗಳ ಪ್ರತಿ ಕೊಡಬೇಕೆಂದು ವಿನಂತಿ."

ಮೊದಲ ಅಂಶವನ್ನು ನಿಜವಾಗಿಯೂ ಕಾಲ ಮೀರಿದ್ದರೆ ಮಾತ್ರ ಬರೆಯಿರಿ. ಕೊನೇ ಎರಡು ವಾಕ್ಯ ಮಾತ್ರ ಬಿಡಬೇಡಿ. ಬರಹದಲ್ಲಿ ಕೇಳಿದರೆ, ಅಥವಾ ನಿಮ್ಮ ವಿರುದ್ಧ ಆದೇಶ ಮಾಡುವ ಯೋಚನೆ ಇದ್ದರೆ, ಖುದ್ದು ವಿಚಾರಣೆ ಕೊಡಲೇಬೇಕು ಅಂತ ಕಲಂ 75(4) ಹೇಳುತ್ತದೆ. ನೋಟಿಸಿನಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಮೊತ್ತವನ್ನು ಆದೇಶದಲ್ಲಿ ಹಾಕುವಂತಿಲ್ಲ ಅಂತ 75(7) ಹೇಳುತ್ತದೆ. ಸಮಯ ಸಾಲದಿದ್ದರೆ ಕಾರಣ ಹೇಳಿ ಮುಂದೂಡಲು ಕೇಳಿ, ಮೂರು ಸಲದವರೆಗೆ ಅವಕಾಶವಿದೆ.

ಬರೆಯಬಾರದ ಮಾತೊಂದಿದೆ. "ತಿಳಿಯದೆ ತಪ್ಪಾಯಿತು, ಇದೊಂದ್ಸಲ ಬಿಟ್ಟುಬಿಡಿ." ನಮ್ಮ ಕಡೆ ಜನ ಮೆತ್ತಗಿನವರು, ಅಧಿಕಾರಿ ಎದುರು ಕೂತಾಗ ಬಾಯಿಗೆ ಬರುವುದು ಇದೇ. ಅದು ಕಾಗದದ ಮೇಲೆ ಹೋದರೆ ಒಪ್ಪಿಗೆ. ಹಾಗೇ, ಅಂಗಡಿಗೆ ತಪಾಸಣೆಗೆ ಬಂದಾಗ ಹೆದರಿ ಅಲ್ಲೇ ಹಣ ಕಟ್ಟಬೇಡಿ. ತಪಾಸಣೆ ವೇಳೆ ಒತ್ತಾಯದಿಂದ ತೆರಿಗೆ ವಸೂಲಿ ಮಾಡಬಾರದು ಅಂತ 2022ರ ಮೇ ತಿಂಗಳಲ್ಲೇ ಕೇಂದ್ರ ಮಂಡಳಿ ಸೂಚನೆ ಹೊರಡಿಸಿದೆ.

ಲೆಕ್ಕ ಹಾಕಿ ನೋಡಿದಾಗ ನಿಜವಾಗಿಯೂ ಬಾಕಿ ಇದೆ ಅಂತಾದರೆ? ಆಗ ಜಗಳ ಬೇಡ. ಕಲಂ 73ರ ನೋಟಿಸ್ ಬಂದ 30 ದಿನದೊಳಗೆ ತೆರಿಗೆ ಮತ್ತು ಬಡ್ಡಿ ಕಟ್ಟಿದರೆ ದಂಡ ಇಲ್ಲ. 74ಎ ಆದರೆ 60 ದಿನ. ಬಡ್ಡಿ ವರ್ಷಕ್ಕೆ ಶೇ 18, ಅದು ಸುಮ್ಮನೆ ಕೂತಷ್ಟೂ ಬೆಳೆಯುತ್ತದೆ. ಒಪ್ಪುವ ಭಾಗ ಕಟ್ಟಿ, ಒಪ್ಪದ ಭಾಗಕ್ಕೆ ಉತ್ತರ ಕೊಡಿ.

ಆದೇಶ ವಿರುದ್ಧ ಬಂದರೆ

ಜಿಎಸ್‌ಟಿ ಆದೇಶ ಡಿಆರ್‌ಸಿ-07ರಲ್ಲಿ ಬರುತ್ತದೆ. ತಲುಪಿದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ. ತಡವಾದರೆ ತಕ್ಕ ಕಾರಣ ತೋರಿಸಿ ಇನ್ನೊಂದು ತಿಂಗಳು. ಅದರಾಚೆ ಮೇಲ್ಮನವಿ ಅಧಿಕಾರಿಗೂ ಕೈ ಕಟ್ಟಿದೆ. ವ್ಯಾಜ್ಯದ ತೆರಿಗೆಯಲ್ಲಿ ಶೇ 10 ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. ಬರೀ ಕೂಡಿಸು ಕಳೆಯುವ ತಪ್ಪಿದ್ದರೆ ಮೇಲ್ಮನವಿಗೆ ಹೋಗದೆ ಕಲಂ 161ರಲ್ಲಿ ತಿದ್ದುಪಡಿ ಕೇಳಬಹುದು. ಆದರೆ ಅದನ್ನು ನೆಚ್ಚಿಕೊಂಡು ಮೇಲ್ಮನವಿಯ ಗಡುವು ಕಳೆದುಕೊಳ್ಳಬೇಡಿ.

ಆದಾಯ ತೆರಿಗೆಯಲ್ಲಿ ಮೇಲ್ಮನವಿಗೆ 30 ದಿನ ಮಾತ್ರ. ಸಾಮಾನ್ಯವಾಗಿ ಶೇ 20 ಕಟ್ಟಿ ಉಳಿದದ್ದಕ್ಕೆ ತಡೆ ಕೇಳಬಹುದು. ಬೆಳಗಾವಿಯವರ ಎರಡನೇ ಮೇಲ್ಮನವಿ ಪಣಜಿಯ ನ್ಯಾಯಮಂಡಳಿಗೆ ಹೋಗುತ್ತದೆ.

ಹೈಕೋರ್ಟ್ ಬಾಗಿಲು ತಟ್ಟುವುದು ಯಾವಾಗ? ಕಾಲ ಮೀರಿದ ಮೇಲೆ ಆದೇಶ ಮಾಡಿದ್ದಾರೆ, ವಿಚಾರಣೆಯೇ ಕೊಟ್ಟಿಲ್ಲ, ಕಾನೂನೇ ಇಲ್ಲದ ತೆರಿಗೆ ಕೇಳಿದ್ದಾರೆ ಅನ್ನುವಾಗ. ಕಾನೂನಿನ ಆಧಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ ಅಂತ ಸಂವಿಧಾನದ 265ನೇ ವಿಧಿ ಹೇಳುತ್ತದೆ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ. ವಿಜಯಪುರದವರಿಗೆ ಕಲಬುರಗಿ ಪೀಠ. ವಿಜಯಪುರದಿಂದ ಧಾರವಾಡಕ್ಕೆ ಬಸ್ ಹತ್ತಿ ಹೋಗಿ ವಕೀಲರಿಂದ ಈ ಮಾತು ಕೇಳಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಬರೀ ಅಂಕಿ ಅಂಶದ ಜಗಳಕ್ಕೆ ಹೈಕೋರ್ಟ್ "ಮೇಲ್ಮನವಿಗೆ ಹೋಗಿ" ಅಂತ ವಾಪಸ್ ಕಳಿಸುತ್ತದೆ.

ಒಟ್ಟಾಗಿ ಕೇಳುವುದು

ಒಬ್ಬರಿಗಲ್ಲ, ಇಡೀ ಪೇಟೆಗೇ ಒಂದೇ ತರಹದ ನೋಟಿಸ್ ಬಂದಾಗ ದಾರಿ ಬೇರೆ. ನಮ್ಮ ಮಲಪ್ರಭೆ ಸೀಮೆಗೆ ಇದು ಹೊಸದಲ್ಲ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನ ನೀರಿಗೆ ಅಂತ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿದ್ದಕ್ಕೆ ಹಾಕುವ ಕರ), ನೀರಿನ ಕರ ಹಾಕಿದ್ದರು. ಕಾಲುವೆ ನೀರು ಸರಿಯಾಗಿ ಕಾಣದ ಹೊಲಗಳಿಗೂ ಹಿಂದಿನ ಬಾಕಿ ಕಟ್ಟಿ ಅಂದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಆ ಸಿಟ್ಟು ಸಿಡಿಯಿತು, ಗೋಲಿಬಾರಿನಲ್ಲಿ ರೈತರು ಪ್ರಾಣ ಬಿಟ್ಟರು. ಆಮೇಲೆ ಸರ್ಕಾರ ರಿಯಾಯಿತಿ ಘೋಷಿಸಬೇಕಾಯಿತು. ಅಷ್ಟು ಬೆಲೆ ತೆತ್ತು ಸಿಕ್ಕದ್ದು.

2025ರಲ್ಲಿ ವ್ಯಾಪಾರಿಗಳಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಬಂದ್ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿಗಳು ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಬೇಕು ಅಂದರು. ಮಾರನೇ ದಿನ ಬಹಳ ಜನ ನೋಟಿಸನ್ನು ಹರಿದು ಹಾಕಿದರು. ಅಲ್ಲೇ ನನ್ನ ತಕರಾರು. ಸಭೆಯಲ್ಲಿ ಆಡಿದ ಮಾತು ನಿಮ್ಮ ಹೆಸರಿನ ಆದೇಶ ಅಲ್ಲ. ನಿಮ್ಮ ನೋಟಿಸ್ ಮುಕ್ತಾಯವಾಗಿದೆ ಅನ್ನುವ ಕಾಗದ ಕೈಗೆ ಬರುವವರೆಗೆ ಉತ್ತರ ಕೊಟ್ಟ ರಸೀದಿ ಇಟ್ಟುಕೊಳ್ಳಿ. ಸಂಘದ ಮೂಲಕ ಮನವಿ ಕೊಡುವಾಗಲೂ "ದಯವಿಟ್ಟು ಬಿಡಿ" ಅನ್ನುವುದರ ಬದಲು ಜಿಎಸ್‌ಟಿ ಕಾಯ್ದೆಯ ಕಲಂ 11ಎ ಹೆಸರು ಹೇಳಿ. ಒಂದು ವ್ಯಾಪಾರದಲ್ಲಿ ಎಲ್ಲರೂ ರೂಢಿಯಿಂದ ತೆರಿಗೆ ಕಟ್ಟದೇ ಬಂದಿದ್ದರೆ, ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ ಅದನ್ನು ವಸೂಲಿ ಮಾಡದಿರಲು ಸರ್ಕಾರಕ್ಕೆ ಅಧಿಕಾರ ಕೊಡುವ ಕಲಂ ಅದು. 2024ರಲ್ಲಿ ಸೇರಿಸಿದ್ದಾರೆ.

ಸಣ್ಣ ಹಳೇ ಬಾಕಿಗಳಿಗೆ ಇನ್ನೊಂದು ಮಾತು. ಆದಾಯ ತೆರಿಗೆಯಲ್ಲಿ 2009-10ರವರೆಗಿನ 25,000 ರೂಪಾಯಿ ಒಳಗಿನ, 2010-11ರಿಂದ 2014-15ರವರೆಗಿನ 10,000 ಒಳಗಿನ ಬೇಡಿಕೆಗಳನ್ನು 2024ರ ಫೆಬ್ರವರಿ ಬಜೆಟ್‌ನಲ್ಲಿ ಕೈಬಿಟ್ಟರು. ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಅಂಥದ್ದು ಇನ್ನೂ ತೋರಿಸುತ್ತಿದ್ದರೆ ದೂರು ಹಾಕಿ ತೆಗೆಸಿ. ಇಲ್ಲಾಂದ್ರೆ ಮುಂದೆ ಬರುವ ರೀಫಂಡಿಗೆ ಅದು ಅಡ್ಡ ಬರುತ್ತದೆ.

ಪೋರ್ಟಲ್‌ನಲ್ಲಿ ಯಾರ ನಂಬರ್ ಇದೆ?

ನನ್ನದೇ ಒಂದು ಪೆಟ್ಟು ಹೇಳಿ ಮುಗಿಸುತ್ತೇನೆ. ನಾನು ಲೆಕ್ಕ ನೋಡುತ್ತಿದ್ದ ಒಂದು ಬಟ್ಟೆ ಅಂಗಡಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ನೋಂದಣಿ ಮಾಡಿಸಿದಾಗ ಹಳೇ ಲೆಕ್ಕಿಗರ ಕಚೇರಿಯ ಹುಡುಗನೊಬ್ಬ ತನ್ನ ಮೊಬೈಲ್ ನಂಬರ್ ಕೊಟ್ಟಿದ್ದ. ಅವನು ಕೆಲಸ ಬಿಟ್ಟು ಪುಣೆ ಸೇರಿ ಎರಡು ವರ್ಷ ಆಗಿತ್ತು. ಮೆಸೇಜ್ ಎಲ್ಲ ಅವನಿಗೆ ಹೋಗಿವೆ, ಅವನು ಅಳಿಸಿದ್ದಾನೆ. ನಾನೂ ಪೋರ್ಟಲ್‌ನಲ್ಲಿ ನೋಟಿಸುಗಳ ಒಂದು ಪುಟ ಮಾತ್ರ ನೋಡುತ್ತಿದ್ದೆ. 'ಹೆಚ್ಚುವರಿ ನೋಟಿಸ್ ಮತ್ತು ಆದೇಶ' ಅಂತ ಇನ್ನೊಂದು ಪುಟ ಇದೆ, ಅಲ್ಲಿ ನೋಟಿಸೂ ಇತ್ತು, ವಿಚಾರಣೆಯ ತಾರೀಖೂ ಇತ್ತು, ಕೊನೆಗೆ ಆದೇಶವೂ ಇತ್ತು. ನಾವು ನೋಡಿದಾಗ ಮೂರು ತಿಂಗಳು ಕಳೆದು ಹತ್ತೊಂಬತ್ತು ದಿನ ಆಗಿತ್ತು. ತಡಕ್ಕೆ ಕಾರಣ ಬರೆದು, ಶೇ 10 ಸಾಲ ತಂದು ಕಟ್ಟಿ ಮೇಲ್ಮನವಿ ಹಾಕಿದೆವು. ಇನ್ನು ಹನ್ನೊಂದು ದಿನ ಬಿಟ್ಟಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು.

ಇವತ್ತು ರಾತ್ರಿ ಅಂಗಡಿ ಮುಚ್ಚುವ ಮುಂಚೆ ಪೋರ್ಟಲ್ ತೆರೆದು ನೋಡಿ, ಅಲ್ಲಿರುವ ಮೊಬೈಲ್ ನಂಬರ್ ಯಾರದ್ದು ಅಂತ. ಎರಡೂ ಪುಟ ನೋಡಿ.